ಕಿನ್ಶಾಸಾದಲ್ಲಿ ಮುಗಿಯದ ಕಥೆ

ಮುಹಮ್ಮದ್ ಅಲಿಯವರ ಕಥೆ ಹೇಳುವವರಿಗೆ ಒಂದು ಅಭ್ಯಾಸವಿದೆ. 1974ರ ಅಕ್ಟೋಬರ್ 30ರಂದು ಝಾಯಿರ್ ದೇಶದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ನೆಲಕ್ಕುರುಳಿದ ಕೂಡಲೇ ಅವರು ಕಥೆಯನ್ನು ನಿಲ್ಲಿಸಿಬಿಡುತ್ತಾರೆ. ಆಮೇಲೆ 22 ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟಿ 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಬರುತ್ತಾರೆ. ನಡುಗುವ ಕೈಯಲ್ಲಿ ಕ್ರೀಡಾಜ್ಯೋತಿ ಹಿಡಿದ ಅಲಿಯನ್ನು ತೋರಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಮೈಕೆಲ್ ಮಾನ್ ನಿರ್ದೇಶಿಸಿದ 2001ರ 'ಅಲಿ' ಚಿತ್ರ 1964ರಲ್ಲಿ ಆರಂಭವಾಗಿ ಕಿನ್ಶಾಸಾದಲ್ಲೇ ಮುಗಿಯುತ್ತದೆ. ಆಸ್ಕರ್ ಪಡೆದ 'ವೆನ್ ವಿ ವರ್ ಕಿಂಗ್ಸ್' ಸಾಕ್ಷ್ಯಚಿತ್ರದ ವಸ್ತುವೂ ಆ ಒಂದು ಪಂದ್ಯವೇ.

ಆದರೆ ಕಿನ್ಶಾಸಾದ ಬಳಿಕ ಅಲಿ ಇನ್ನೂ 14 ಬಾರಿ ರಿಂಗಿಗೆ ಇಳಿದರು. ಆ 14 ಪಂದ್ಯಗಳನ್ನು ಯಾಕೆ ಯಾರೂ ಹೇಳುವುದಿಲ್ಲ? ಹೇಳಿದರೆ ಎರಡು ಅಹಿತಕರ ಪ್ರಶ್ನೆಗಳು ಎದುರಾಗುತ್ತವೆ. ಅಲಿಗೆ ಇತರರು ಏನು ಮಾಡಿದರು ಎಂಬುದು ಒಂದು. ಅಲಿ ಇತರರಿಗೆ ಏನು ಮಾಡಿದರು ಎಂಬುದು ಇನ್ನೊಂದು. ಇವೆರಡನ್ನೂ ಬದಿಗಿಟ್ಟು ಹಾಡುವ ಹೊಗಳಿಕೆ ಅಲಿಯನ್ನು ಗೋಡೆಯ ಚಿತ್ರವಾಗಿಸುತ್ತದೆಯೇ ಹೊರತು ಅವರನ್ನು ಅರ್ಥ ಮಾಡಿಸುವುದಿಲ್ಲ ಎಂಬುದು ನಮ್ಮ ವಾದ.

ಮೊದಲು ಎಲ್ಲರೂ ಬಲ್ಲ ಭಾಗವನ್ನೇ ನೋಡೋಣ. 1942ರ ಜನವರಿ 17ರಂದು ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಹುಟ್ಟಿದ ಕ್ಯಾಸಿಯಸ್ ಕ್ಲೇ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 1964ರ ಫೆಬ್ರವರಿ 25ರಂದು, 22ನೇ ವಯಸ್ಸಿನಲ್ಲಿ, ಎಲ್ಲರೂ ಹೆದರುತ್ತಿದ್ದ ಸೋನಿ ಲಿಸ್ಟನ್‌ರನ್ನು ಮಣಿಸಿ ಹೆವಿವೇಯ್ಟ್ ಪಟ್ಟಕ್ಕೇರಿದರು. ಏಳನೇ ಸುತ್ತಿಗೆ ಲಿಸ್ಟನ್ ತನ್ನ ಸ್ಟೂಲಿನಿಂದ ಏಳಲೇ ಇಲ್ಲ. ಅದರ ಬೆನ್ನಿಗೇ ಕ್ಲೇ ತಾನು ನೇಷನ್ ಆಫ್ ಇಸ್ಲಾಮ್‌ನ ಸದಸ್ಯನೆಂದು ಸಾರಿದರು. ಕೆಲವೇ ದಿನಗಳಲ್ಲಿ ಮುಹಮ್ಮದ್ ಅಲಿಯಾದರು.

ಆ ಹೆಸರನ್ನು ಒಪ್ಪಿಕೊಳ್ಳಲು ಅಮೆರಿಕಕ್ಕೆ ವರ್ಷಗಳೇ ಬೇಕಾದವು. ಪತ್ರಿಕೆಗಳು 'ಕ್ಲೇ' ಎಂದೇ ಬರೆಯುತ್ತಿದ್ದವು. ಸುಪ್ರೀಮ್ ಕೋರ್ಟಿನ ದಾಖಲೆಯಲ್ಲಿ ಅವರ ಮೊಕದ್ದಮೆ ಇಂದಿಗೂ 'ಕ್ಲೇ ವಿರುದ್ಧ ಅಮೆರಿಕ' ಎಂದೇ ಇದೆ. 1967ರ ಫೆಬ್ರವರಿಯಲ್ಲಿ ಎದುರಾಳಿ ಅರ್ನಿ ಟೆರೆಲ್ ಹಳೆಯ ಹೆಸರಿನಿಂದ ಕರೆದದ್ದಕ್ಕೆ ಅಲಿ 15 ಸುತ್ತುಗಳ ಉದ್ದಕ್ಕೂ "ನನ್ನ ಹೆಸರೇನು?" ಎಂದು ಕೇಳುತ್ತಾ ಗುದ್ದಿದರು. ಹೆಸರು ಉಳಿಸಿಕೊಳ್ಳುವ ಛಲವನ್ನು ನಾವು ಮೆಚ್ಚುತ್ತೇವೆ. ಆದರೆ ಸೋತು ನಿಂತವನನ್ನು ಹಿಂಸಿಸುವ ಗುಣವೂ ಆ ರಾತ್ರಿ ಕಾಣಿಸಿಕೊಂಡಿತ್ತು. ಅದು ಮುಂದೆಯೂ ತಲೆಯೆತ್ತಲಿತ್ತು.

ಆ ವರ್ಷಗಳ ಅಲಿಯ ಆಟದಲ್ಲಿ ಗಮನಿಸಬೇಕಾದ್ದು ಏಟು ಕೊಡುವ ಕಲೆಗಿಂತ ಏಟು ತಪ್ಪಿಸುವ ಕಲೆ. ಕೈಗಳನ್ನು ಇಳಿಬಿಟ್ಟು, ತಲೆಯನ್ನು ಹಿಂದಕ್ಕೆ ಬಾಗಿಸಿ, ಕಾಲುಗಳ ಚುರುಕನ್ನೇ ನಂಬಿ ಆಡುತ್ತಿದ್ದರು. ಅಷ್ಟು ಎತ್ತರದ, ಅಷ್ಟು ತೂಕದ ಮನುಷ್ಯ ಹಾಗೆ ಜಾರುವುದನ್ನು ಜನ ಅದುವರೆಗೆ ಕಂಡಿರಲಿಲ್ಲ. 1967ರ ಮಾರ್ಚ್ 22ರಂದು ಝೋರಾ ಫೋಲಿಯನ್ನು ಸೋಲಿಸಿದಾಗ ಅವರು 29 ಪಂದ್ಯಗಳನ್ನು ಆಡಿ 29ನ್ನೂ ಗೆದ್ದಿದ್ದರು.

ಆಮೇಲೆ ಬಂತು ಏಪ್ರಿಲ್ 28. ಹ್ಯೂಸ್ಟನ್‌ನ ಸೇನಾ ಭರ್ತಿ ಕೇಂದ್ರದಲ್ಲಿ ಹೆಸರು ಕೂಗಿದಾಗ ಅಲಿ ಒಂದು ಹೆಜ್ಜೆಯೂ ಮುಂದಿಡಲಿಲ್ಲ. ವಿಯೆಟ್ನಾಮಿನ ಜನರೊಂದಿಗೆ ತನಗೆ ಜಗಳವಿಲ್ಲ ಎಂದು ಒಂದು ವರ್ಷ ಮೊದಲೇ ಹೇಳಿದ್ದರು. ಇನ್ನೂ ಮೊಕದ್ದಮೆ ದಾಖಲಾಗುವ ಮುನ್ನವೇ, ಅಂದೇ, ನ್ಯೂಯಾರ್ಕ್‌ನ ಬಾಕ್ಸಿಂಗ್ ಆಯೋಗ ಅವರ ಪರವಾನಗಿ ಕಿತ್ತುಕೊಂಡು ಪಟ್ಟವನ್ನೂ ನಿರಾಕರಿಸಿತು. ಜೂನ್ 20ರಂದು ನ್ಯಾಯಾಲಯ ಐದು ವರ್ಷ ಸೆರೆವಾಸ ಮತ್ತು 10,000 ಡಾಲರ್ ದಂಡ ವಿಧಿಸಿತು. ಪಾಸ್‌ಪೋರ್ಟ್ ಕೂಡ ಹೋಯಿತು. ಮೇಲ್ಮನವಿ ಹೂಡಿ ಜೈಲಿನಿಂದ ಹೊರಗುಳಿದರೂ ಸ್ವದೇಶದಲ್ಲಿ ಆಡುವಂತಿಲ್ಲ, ಪರದೇಶಕ್ಕೆ ಹೋಗುವಂತಿಲ್ಲ. ಕಾಲೇಜಿನಿಂದ ಕಾಲೇಜಿಗೆ ಭಾಷಣ ಮಾಡುತ್ತಾ ಸಂಸಾರ ತೂಗಿಸಿದರು.

ಈ ನಿರಾಕರಣೆಯ ಬೆಲೆಯನ್ನು ಜನ ಡಾಲರ್‌ಗಳಲ್ಲಿ ಲೆಕ್ಕ ಹಾಕುತ್ತಾರೆ. ನಿಜವಾದ ಬೆಲೆ ಬೇರೆಯೇ ಇತ್ತು. 25ರಿಂದ 28ರ ವಯಸ್ಸಿನವರೆಗೆ, ಬಾಕ್ಸರ್ ಒಬ್ಬನ ದೇಹ ತುತ್ತತುದಿಯಲ್ಲಿರುವ ಮೂರು ವರ್ಷ ಏಳು ತಿಂಗಳು, ಅವರು ಒಂದೂ ಅಧಿಕೃತ ಪಂದ್ಯ ಆಡಲಿಲ್ಲ. 1971ರ ಜೂನ್ 28ರಂದು ಸುಪ್ರೀಮ್ ಕೋರ್ಟ್ 8-0 ಅಂತರದಲ್ಲಿ ಶಿಕ್ಷೆಯನ್ನು ರದ್ದುಗೊಳಿಸಿತು. ಅದೂ ಅಲಿಯ ಆತ್ಮಸಾಕ್ಷಿಗೆ ತಲೆಬಾಗಿ ಅಲ್ಲ. ಮೇಲ್ಮನವಿ ಮಂಡಳಿ ತನ್ನ ನಿರಾಕರಣೆಗೆ ಕಾರಣ ಕೊಟ್ಟಿಲ್ಲ ಎಂಬ ತಾಂತ್ರಿಕ ಕಾರಣಕ್ಕೆ. ಶಿಕ್ಷೆ ರದ್ದಾಯಿತು, ವರ್ಷಗಳು ಮರಳಲಿಲ್ಲ.

1970ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಲ್ಲಿ ರಿಂಗಿಗೆ ಮರಳಿದವರು ಬೇರೆಯೇ ಅಲಿ. ಕಾಲುಗಳು ಮೊದಲಿನಂತೆ ಓಡುತ್ತಿರಲಿಲ್ಲ. 1971ರ ಮಾರ್ಚ್ 8ರಂದು ಜೋ ಫ್ರೇಝಿಯರ್ ಕೊನೆಯ ಸುತ್ತಿನಲ್ಲಿ ಎಡಗೈ ಗುದ್ದಿನಿಂದ ಅವರನ್ನು ಅಂಗಾತ ಕೆಡವಿದರು. 1973ರಲ್ಲಿ ಕೆನ್ ನಾರ್ಟನ್ ದವಡೆ ಮುರಿದರು. ಎರಡೂ ಸಂದರ್ಭದಲ್ಲಿ ಅಲಿ ಕೊನೆಯವರೆಗೆ ನಿಂತರು. ತಪ್ಪಿಸಿಕೊಳ್ಳಲಾಗದಿದ್ದರೆ ತಡೆದುಕೊಳ್ಳಬಲ್ಲೆ ಎಂಬುದು ಅವರಿಗೆ ಗೊತ್ತಾದದ್ದು ಹೀಗೆ. ಈ ಅರಿವೇ ಅವರನ್ನು ಮತ್ತೆ ಪಟ್ಟಕ್ಕೇರಿಸಿತು. ಅದೇ ಅವರನ್ನು ಹಾಳುಗೆಡವಿತು ಎಂದರೂ ತಪ್ಪಲ್ಲ.

ಕಿನ್ಶಾಸಾದ ತಂತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಗ್ಗಕ್ಕೆ ಒರಗಿ, ತೋಳುಗಳಿಂದ ಮುಖ ಮುಚ್ಚಿ, ಫೋರ್‌ಮನ್ ಗುದ್ದಿ ಗುದ್ದಿ ದಣಿಯುವವರೆಗೆ ಕಾದು, ಎಂಟನೇ ಸುತ್ತಿನಲ್ಲಿ ಅವರನ್ನು ಕೆಡವಿದರು. ಬುದ್ಧಿ ಬಲವನ್ನು ಗೆದ್ದಿತೆಂದು ಜಗತ್ತು ಕೊಂಡಾಡಿತು. ನಿಜವೇ. ಆದರೆ ಬುದ್ಧಿ ಅಂದು ದೇಹವನ್ನು ಒತ್ತೆಯಿಟ್ಟಿತ್ತು. ಏಟು ತಿನ್ನದೆ ಗೆಲ್ಲುತ್ತಿದ್ದವರು ಏಟು ತಿಂದು ಗೆಲ್ಲುವವರಾದರು. ಅಭ್ಯಾಸದ ವೇಳೆಯಲ್ಲೂ ಸಂಗಡಿಗರಿಗೆ ಮೈಯೊಡ್ಡಿ ಗುದ್ದಿಸಿಕೊಳ್ಳುವುದು ರೂಢಿಯಾಯಿತು. ಈ ಪಂದ್ಯಕ್ಕೆ ಇಬ್ಬರಿಗೂ ತಲಾ 50 ಲಕ್ಷ ಡಾಲರ್ ಸಂದಿತ್ತು. ಅದರ ಹಿಂದಿದ್ದದ್ದು ತನ್ನ ಹೆಸರು ಮೆರೆಸಲು ಹೊರಟಿದ್ದ ಸರ್ವಾಧಿಕಾರಿ ಮೊಬುಟು. ಮುಂದಿನ ವರ್ಷ ಮನಿಲಾದ ಪಂದ್ಯಕ್ಕೆ ಆತಿಥ್ಯ ನೀಡಿದ್ದು ಸೇನಾಡಳಿತ ಹೇರಿದ್ದ ಮಾರ್ಕೋಸ್. ದೊರೆಗಳ ಯುದ್ಧಕ್ಕೆ ಹೋಗಲೊಪ್ಪದವರು ದೊರೆಗಳ ಉತ್ಸವಕ್ಕೆ ಹೋದರು ಎಂಬುದನ್ನು ಮರೆಮಾಚಬೇಕಿಲ್ಲ.

ಈಗ ಫ್ರೇಝಿಯರ್ ವಿಷಯ. ದಕ್ಷಿಣ ಕ್ಯಾರೊಲಿನಾದ ಬಡ ಗೇಣಿದಾರ ಕುಟುಂಬದ ಮಗ, ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ದುಡಿದು ಮೇಲೆ ಬಂದವರು. ನಿಷೇಧದ ದಿನಗಳಲ್ಲಿ ಅಲಿಗೆ ಹಣದ ನೆರವು ನೀಡಿದವರು, ಪರವಾನಗಿ ಮರಳಿಸಬೇಕೆಂದು ಅವರ ಪರ ಮಾತನಾಡಿದವರು. ಅಂಥವರನ್ನು ಅಲಿ 'ಅಂಕಲ್ ಟಾಮ್', ಅಂದರೆ ಬಿಳಿಯರ ಬಾಲಬಡುಕ, ಎಂದು ಜರೆದರು. ಮನಿಲಾ ಪಂದ್ಯಕ್ಕೆ ಮುನ್ನ ರಬ್ಬರಿನ ಗೊರಿಲ್ಲಾ ಗೊಂಬೆಯನ್ನು ಪತ್ರಕರ್ತರ ಮುಂದೆ ಗುದ್ದಿ ನಗಿಸಿದರು. ಕರಿಯರನ್ನು ಮಂಗಗಳಿಗೆ ಹೋಲಿಸುವುದು ಯಾರ ಚಾಳಿಯಾಗಿತ್ತು? ಬಿಳಿಯ ಜನಾಂಗವಾದಿಗಳದ್ದಲ್ಲವೇ? ಕರಿಯರು ಸುಂದರರು ಎಂದು ಲೋಕಕ್ಕೆ ಸಾರಿದ ಬಾಯಿಂದಲೇ ಈ ಮಾತು ಬಂದದ್ದನ್ನು ಟಿಕೆಟ್ ಮಾರಾಟದ ತಮಾಷೆ ಎಂದು ತಳ್ಳಿಹಾಕಲಾಗದು. ಫ್ರೇಝಿಯರ್‌ರ ಮಕ್ಕಳು ಶಾಲೆಗೆ ಹೋಗುತ್ತಿದ್ದರು.

1975ರ ಅಕ್ಟೋಬರ್ 1ರಂದು ಮನಿಲಾದ ಸೆಕೆಯಲ್ಲಿ ಇಬ್ಬರೂ 14 ಸುತ್ತು ಒಬ್ಬರನ್ನೊಬ್ಬರು ಬಡಿದರು. ಕಣ್ಣುಗಳು ಬಾತು ದೃಷ್ಟಿ ಮಸುಕಾದ ಫ್ರೇಝಿಯರ್‌ರನ್ನು ಅವರ ತರಬೇತುದಾರ ಎಡ್ಡಿ ಫಚ್ ಕೊನೆಯ ಸುತ್ತಿಗೆ ಬಿಡಲಿಲ್ಲ. ಅವರು ಮತ್ತೂ ಆಡುವೆನೆಂದು ಹಟ ಹಿಡಿದರೂ ಫಚ್ ಕೇಳಲಿಲ್ಲ. ಗೆದ್ದ ಅಲಿಗೂ ನಿಲ್ಲಲು ತ್ರಾಣವಿರಲಿಲ್ಲ. 2001ರಲ್ಲಿ ಅಲಿ ತಾನಾಡಿದ ಮಾತುಗಳಿಗೆ ಪತ್ರಿಕೆಯ ಮೂಲಕ ಕ್ಷಮೆ ಕೇಳಿದರು. 2011ರ ನವೆಂಬರ್‌ನಲ್ಲಿ ಫ್ರೇಝಿಯರ್ ತೀರಿಕೊಂಡಾಗ ರೋಗಗ್ರಸ್ತ ಅಲಿ ಅಂತ್ಯಕ್ರಿಯೆಗೆ ಬಂದರು.

ಇನ್ನೊಂದು ಋಣ ಮಾಲ್ಕಮ್ ಎಕ್ಸ್ ಅವರದ್ದು. ಲಿಸ್ಟನ್ ಪಂದ್ಯದ ವೇಳೆ ಮಯಾಮಿಯಲ್ಲಿ ಅಲಿಯ ಜೊತೆಗಿದ್ದು ಧೈರ್ಯ ತುಂಬಿದ ಹಿರಿಯ ಅವರು. ಎಲೈಜಾ ಮುಹಮ್ಮದರೊಂದಿಗೆ ಮುರಿದುಕೊಂಡು ನೇಷನ್‌ನಿಂದ ಹೊರಬಂದ ಮಾಲ್ಕಮ್ 1964ರಲ್ಲಿ ಹಜ್ಜ್ ಮುಗಿಸಿ ಆಫ್ರಿಕ ಸುತ್ತುತ್ತಿದ್ದರು. ಘಾನಾದಲ್ಲಿ ಇಬ್ಬರೂ ಎದುರಾದಾಗ ಅಲಿ ಬೆನ್ನು ತಿರುಗಿಸಿದರು. ಮುಂದಿನ ಫೆಬ್ರವರಿಯಲ್ಲಿ ಮಾಲ್ಕಮ್ ಹತರಾದರು. ಹಜ್ಜ್‌ನಲ್ಲಿ ಎಲ್ಲ ಬಣ್ಣದವರನ್ನು ಒಂದೇ ಸಾಲಿನಲ್ಲಿ ಕಂಡು ನೇಷನ್‌ನ ಜನಾಂಗ ಸಿದ್ಧಾಂತವನ್ನು ಬಿಟ್ಟ ಮಾಲ್ಕಮ್‌ರ ದಾರಿಗೇ ಅಲಿಯೂ ಬಂದರು, ಆದರೆ ಸುಮಾರು ಒಂದು ದಶಕ ತಡವಾಗಿ. 1972ರಲ್ಲಿ ಹಜ್ಜ್ ಮಾಡಿದರು. 1975ರಲ್ಲಿ ಎಲೈಜಾ ತೀರಿಕೊಂಡ ಬಳಿಕ ಅವರ ಮಗ ವಾರಿಸ್ ದೀನ್ ಮುಹಮ್ಮದ್ ಜೊತೆಗೆ ಮುಖ್ಯಧಾರೆಯ ಇಸ್ಲಾಮ್‌ಗೆ ಬಂದರು. ಮಾಲ್ಕಮ್‌ಗೆ ಬೆನ್ನು ತೋರಿಸಿದ್ದು ತನ್ನ ಬದುಕಿನ ದೊಡ್ಡ ತಪ್ಪುಗಳಲ್ಲೊಂದು ಎಂದು 2004ರ ಆತ್ಮಕಥನದಲ್ಲಿ ಒಪ್ಪಿಕೊಂಡರು. ಅಲಿಯೇ ಒಪ್ಪಿಕೊಂಡದ್ದನ್ನು ಅಲಿಯ ಅಭಿಮಾನಿಗಳು ಯಾಕೆ ಮುಚ್ಚಿಡಬೇಕು?

ಈ ಎರಡು ಋಣಗಳನ್ನು ಎಣಿಸಿದ ಮೇಲೆ, ಅಲಿಗೆ ಇತರರು ಮಾಡಿದ್ದನ್ನೂ ಅಷ್ಟೇ ನಿಷ್ಠುರವಾಗಿ ಹೇಳಬೇಕು. 1977ರಲ್ಲಿ ಅರ್ನಿ ಶೇವರ್ಸ್ ಪಂದ್ಯದ ಬಳಿಕ ಅವರ ವೈದ್ಯ ಫರ್ಡಿ ಪಚೇಕೊ ಮೂತ್ರಪಿಂಡ ಹಾಳಾಗುತ್ತಿರುವ ವರದಿಯನ್ನು ಮುಂದಿಟ್ಟು ಆಟ ನಿಲ್ಲಿಸಲು ಹೇಳಿದರು. ಯಾರೂ ಕಿವಿಗೊಡಲಿಲ್ಲ. ಪಚೇಕೊ ಬಳಗವನ್ನೇ ಬಿಟ್ಟು ಹೋದರು. 1978ರಲ್ಲಿ ಲಿಯಾನ್ ಸ್ಪಿಂಕ್ಸ್‌ಗೆ ಪಟ್ಟ ಸೋತು, ಏಳು ತಿಂಗಳಲ್ಲಿ ಮರಳಿ ಗೆದ್ದು, ಮೂರನೇ ಬಾರಿ ಚಾಂಪಿಯನ್ ಆದರು. ಅಲ್ಲಿಗಾದರೂ ನಿಲ್ಲಬಹುದಿತ್ತು.

1980ರಲ್ಲಿ ಲ್ಯಾರಿ ಹೋಮ್ಸ್ ವಿರುದ್ಧ ಆಡಲು ಅನುಮತಿ ಕೋರಿದಾಗ ಮೇಯೊ ಕ್ಲಿನಿಕ್‌ನಲ್ಲಿ ಪರೀಕ್ಷೆ ನಡೆಯಿತು. ಬೆರಳಿನಿಂದ ಮೂಗು ಮುಟ್ಟುವಾಗ ಗುರಿ ಸ್ವಲ್ಪ ತಪ್ಪುತ್ತದೆ, ಒಂಟಿ ಕಾಲಿನಲ್ಲಿ ಕುಪ್ಪಳಿಸುವಾಗ ನಿರೀಕ್ಷಿತ ಚುರುಕಿಲ್ಲ ಎಂದು ವರದಿ ಹೇಳಿತ್ತು. ಆದರೂ ನೆವಾಡಾ ಆಯೋಗ ಪರವಾನಗಿ ನೀಡಿತು. 1967ರಲ್ಲಿ ಆರೋಗ್ಯವಂತ ಅಲಿಗೆ ಪರವಾನಗಿ ಇರಲಿಲ್ಲ; 1980ರಲ್ಲಿ ಅನಾರೋಗ್ಯದ ಅಲಿಗೆ ಇತ್ತು! ಅಕ್ಟೋಬರ್ 2ರಂದು ಹತ್ತೂ ಸುತ್ತು ಸೋತ ಮೇಲೆ ತರಬೇತುದಾರ ಆಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. ಒಂದು ಕಾಲದಲ್ಲಿ ಅಲಿಯ ಅಭ್ಯಾಸದ ಸಂಗಾತಿಯಾಗಿದ್ದ ಹೋಮ್ಸ್ ಗೆದ್ದ ಬಳಿಕ ಕಣ್ಣೀರಿಟ್ಟರು. ಪಂದ್ಯ ಏರ್ಪಡಿಸಿದ ಡಾನ್ ಕಿಂಗ್ ಒಪ್ಪಂದದ 80 ಲಕ್ಷ ಡಾಲರ್‌ಗಳಲ್ಲಿ ಸುಮಾರು 12 ಲಕ್ಷ ಕಡಿತ ಮಾಡಿದರು. ಅಲಿ ಮೊಕದ್ದಮೆ ಹೂಡಿ, ಕೊನೆಗೆ 50 ಸಾವಿರ ನಗದಿಗೆ ಸಹಿ ಹಾಕಿ ಬಿಟ್ಟುಕೊಟ್ಟರು. ಮರುವರ್ಷದ ಡಿಸೆಂಬರ್‌ನಲ್ಲಿ ಬಹಾಮಾಸ್‌ನ ನಸ್ಸಾವಿನಲ್ಲಿ ಟ್ರೆವರ್ ಬರ್ಬಿಕ್ ಎದುರು ಕೊನೆಯ ಪಂದ್ಯ. ಅಲ್ಲಿ ರಿಂಗಿನ ಗಂಟೆಯೂ ಇರಲಿಲ್ಲ, ದನದ ಕೊರಳಿನ ಗಂಟೆ ಬಾರಿಸಿ ಸುತ್ತು ಆರಂಭಿಸಿದರು. ಅಲಿ ಸೋತರು.

ಇದರಲ್ಲಿ ತಪ್ಪೆಲ್ಲ ಬಿಳಿಯರದ್ದೋ ಸರಕಾರದ್ದೋ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಡಾನ್ ಕಿಂಗ್ ಕರಿಯರು. ಮ್ಯಾನೇಜರ್ ಹರ್ಬರ್ಟ್ ಮುಹಮ್ಮದ್ ಎಲೈಜಾರ ಮಗ. ಸುತ್ತಲಿದ್ದ ದೊಡ್ಡ ಬಳಗ ಅಲಿಯ ಗಳಿಕೆಯಲ್ಲೇ ಉಣ್ಣುತ್ತಿತ್ತು. ನಾಲ್ಕನೇ ಬಾರಿ ಪಟ್ಟವೇರುವ ಆಸೆ ಅಲಿಯದ್ದೂ ಹೌದು. ಅವರ ನಿರಾಕರಣೆಯ ಶಕ್ತಿ ಸರಕಾರದ ಮುಂದೆ ಗೆದ್ದಿತು, ಚಪ್ಪಾಳೆಯ ಮುಂದೆ ಸೋತಿತು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. ಅದಕ್ಕೆ ಗುದ್ದುಗಳಷ್ಟೇ ಕಾರಣವೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಆದರೆ ಆ ಗುದ್ದುಗಳು ಬೇಕಾಗಿರಲಿಲ್ಲ ಎಂಬುದಕ್ಕೆ ವೈದ್ಯರ ಸಾಕ್ಷ್ಯ ಬೇಕೇ?

ಇನ್ನು ಅಮೆರಿಕದ ಪ್ರೀತಿಯ ಮಾತು. 1980ರ ಆರಂಭದಲ್ಲಿ ಅಲಿ ಭಾರತ ಪ್ರವಾಸದಲ್ಲಿದ್ದರು. ಮದ್ರಾಸಿನಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯವನ್ನೂ ಆಡಿದ್ದರು. ಆ ಪ್ರವಾಸದ ನಡುವೆಯೇ ಅಧ್ಯಕ್ಷ ಕಾರ್ಟರ್ ಅವರನ್ನು ಆಫ್ರಿಕಕ್ಕೆ ಕಳಿಸಿದರು, ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರಕ್ಕೆ ಬೆಂಬಲ ಕೇಳಲು. ಒಂದು ಕಾಲದಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡ ಸರಕಾರ ಈಗ ವಿಮಾನ ಕೊಟ್ಟಿತು. ಟಾಂಝಾನಿಯದ ಅಧ್ಯಕ್ಷ ನೈರೇರೆ ಭೇಟಿಗೇ ಒಪ್ಪಲಿಲ್ಲ. 1996ರಲ್ಲಿ ಜ್ಯೋತಿ, 2005ರಲ್ಲಿ ಇರಾಕ್ ಯುದ್ಧದ ನಡುವೆ ಬುಷ್ ಕೈಯಿಂದ ಅತ್ಯುನ್ನತ ನಾಗರಿಕ ಪದಕ. ಯುದ್ಧ ಬೇಡವೆಂದು ಗುಡುಗಿದ ನಾಲಗೆ ತೊದಲತೊಡಗಿದ ಮೇಲೆ ಅವರನ್ನು ಅಪ್ಪಿಕೊಳ್ಳುವುದು ಅಧಿಕಾರಕ್ಕೆ ಸುಲಭವಾಯಿತು. ಮಾತನಾಡದ ಅಲಿ ಎಲ್ಲರಿಗೂ ಇಷ್ಟ.

ಆದರೂ ಅವರು ಪೂರ್ತಿ ಮೌನವಾಗಿರಲಿಲ್ಲ ಎಂಬುದು ಸಮಾಧಾನ. 1990ರಲ್ಲಿ ಬಗ್ದಾದಿಗೆ ಹೋಗಿ 15 ಅಮೆರಿಕನ್ ಒತ್ತೆಯಾಳುಗಳನ್ನು ಬಿಡಿಸಿಕೊಂಡು ಬಂದರು. 2015ರ ಡಿಸೆಂಬರ್‌ನಲ್ಲಿ ಮುಸ್ಲಿಮರಿಗೆ ಅಮೆರಿಕದ ಬಾಗಿಲು ಮುಚ್ಚಬೇಕೆಂಬ ಕೂಗೆದ್ದಾಗ, ಕೊಲೆಗಡುಕರನ್ನೂ ಅವರ ಹೆಸರಿನಲ್ಲಿ ರಾಜಕೀಯ ಮಾಡುವವರನ್ನೂ ಒಂದೇ ಹೇಳಿಕೆಯಲ್ಲಿ ತರಾಟೆಗೆ ತೆಗೆದುಕೊಂಡರು. ಆರು ತಿಂಗಳಲ್ಲಿ, 2016ರ ಜೂನ್ 3ರಂದು, ತೀರಿಕೊಂಡರು. ಹುಟ್ಟೂರು ಲೂಯಿವಿಲ್‌ನಲ್ಲಿ ನಡೆದ ಜನಾಝ ನಮಾಝ್‌ಗೆ ಸಾವಿರಾರು ಜನ ಸೇರಿದರು.

61 ಪಂದ್ಯ, 56 ಗೆಲುವು, 5 ಸೋಲು ಎನ್ನುತ್ತದೆ ದಾಖಲೆ ಪುಸ್ತಕ. ಆ ಐದೂ ಸೋಲುಗಳು ಬಂದದ್ದು ನಿಷೇಧದ ಬಳಿಕ. ಮಕ್ಕಳಿಗೆ ಅಲಿಯ ಕಥೆ ಹೇಳುವಾಗ ಇದನ್ನೂ ಹೇಳೋಣ. ಹ್ಯೂಸ್ಟನ್‌ನಲ್ಲಿ ಮುಂದಿಡದ ಆ ಹೆಜ್ಜೆಯನ್ನು ಹೇಳುವಾಗ ಘಾನಾದಲ್ಲಿ ತಿರುಗಿಸಿದ ಬೆನ್ನನ್ನೂ, ಫ್ರೇಝಿಯರ್ ನುಂಗಿಕೊಂಡ ಅವಮಾನವನ್ನೂ, ಹೋಮ್ಸ್ ಸುರಿಸಿದ ಕಣ್ಣೀರನ್ನೂ ಹೇಳೋಣ. ಹೀಗೆ ಹೇಳಿದರೆ ಅಲಿ ಚಿಕ್ಕವರಾಗುವುದಿಲ್ಲ. ತಪ್ಪು ಮಾಡಬಲ್ಲ, ದಣಿಯಬಲ್ಲ, ಮೋಸಹೋಗಬಲ್ಲ ಮನುಷ್ಯನೊಬ್ಬ 25ನೇ ವಯಸ್ಸಿನಲ್ಲಿ ಒಂದು ಸಾಮ್ರಾಜ್ಯಕ್ಕೆ ಇಲ್ಲ ಎಂದದ್ದು ಎಷ್ಟು ದೊಡ್ಡ ಮಾತು ಎಂಬುದು ಆಗಲೇ ತಿಳಿಯುತ್ತದೆ. ದೇವದೂತರಿಂದ ಅದನ್ನು ಕಲಿಯಲಾಗದು, ಮನುಷ್ಯರಿಂದ ಕಲಿಯಬಹುದು.