ಶೋಕಿಗೆ ಹೋದವರು

ನನ್ನ ವಾದಕ್ಕೆ ಅತಿ ಹೆಚ್ಚು ಕಷ್ಟ ಕೊಡುವ ಪ್ರಸಂಗವನ್ನೇ ಮೊದಲು ಹೇಳಿಬಿಡುತ್ತೇನೆ. 2021ರ ಫೆಬ್ರವರಿ, ಇಂಗ್ಲೆಂಡಿನಲ್ಲಿ ಕೋವಿಡ್ ಲಾಕ್‌ಡೌನ್. ಮನೆ ಬಿಟ್ಟು ತಿರುಗಬಾರದೆಂಬ ನಿಯಮ ಮುರಿದು ಇಬ್ಬರು ಲೇಕ್ ಡಿಸ್ಟ್ರಿಕ್ಟ್‌ನ ರೆಡ್ ಸ್ಕ್ರೀಸ್ ಬೆಟ್ಟದಲ್ಲಿ ಡೇರೆ ಹಾಕಿದ್ದರು. ರಾತ್ರಿ ಒಬ್ಬನಿಗೆ ಎದೆನೋವು ಬಂತು. ಕರೆ ಹೋಯಿತು. ಪ್ಯಾಟರ್‌ಡೇಲ್‌ನ ಸ್ವಯಂಸೇವಕರ ಪರ್ವತ ರಕ್ಷಣಾ ತಂಡ ಕತ್ತಲಲ್ಲೇ ಬೆಟ್ಟ ಹತ್ತಿತು. ತಂಡದವರೊಬ್ಬರು ಕಾಲು ಜಾರಿ ಸುಮಾರು 150 ಮೀಟರ್ ಕೆಳಕ್ಕೆ ಬಿದ್ದರು. ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ಡೇರೆ ಹಾಕಿದವರು ತೆತ್ತ ದಂಡ ತಲಾ 200 ಪೌಂಡ್.

ಇದನ್ನು ಓದಿದ ಯಾರಿಗಾದರೂ ಸಿಟ್ಟು ಬರುತ್ತದೆ. ನನಗೂ ಬಂತು. ಆ ಸಿಟ್ಟಿನಿಂದ ಹುಟ್ಟುವ ಮಾತು ಎಲ್ಲ ದೇಶದಲ್ಲೂ ಒಂದೇ: ಬೇಕಂತಲೇ ಅಪಾಯ ಮೈಮೇಲೆ ಎಳೆದುಕೊಂಡವರು ಖರ್ಚನ್ನೂ ತಾವೇ ಕಟ್ಟಿಕೊಡಲಿ. ನಮ್ಮಲ್ಲೂ ಕೇಳಿದ್ದೇವೆ. 2022ರಲ್ಲಿ ನಂದಿಬೆಟ್ಟದ ಬಳಿ ಬಂಡೆಯಿಂದ ಜಾರಿ ಬಿದ್ದ 19 ವರ್ಷದ ಹುಡುಗನನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿ ತಂದಾಗ ‘ಶೋಕಿಗೆ ಹೋದವನಿಗೆ ನಮ್ಮ ತೆರಿಗೆ ಹಣವೇ?’ ಎಂದವರಿದ್ದರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಚಾರಣಿಗರು ತೀರಿಕೊಂಡರು. ಹೆಣಗಳು ಊರು ಸೇರುವ ಮೊದಲೇ ‘ಈ ವಯಸ್ಸಿನಲ್ಲಿ ಇವರಿಗೆ ಯಾಕೆ ಬೇಕಿತ್ತು?’ ಎಂಬ ಪ್ರಶ್ನೆ ಎದ್ದಿತ್ತು.

ಖರ್ಚು ತಾವೇ ಕಟ್ಟಿಕೊಡಲಿ ಎಂಬುದು ನ್ಯಾಯದ ಮಾತಿನಂತೆ ಕೇಳಿಸುತ್ತದೆ. ಆದರೆ ಬೆಟ್ಟದ ಮೇಲೆ ನಡೆಯುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಅದು ನಿಲ್ಲುವುದಿಲ್ಲ.

ಸಂಜೆ ನಾಲ್ಕಕ್ಕೆ ಒಬ್ಬನ ಪಾದ ಉಳುಕಿದೆ ಎನ್ನೋಣ. ಆಗಲೇ ಫೋನ್ ಮಾಡಿದರೆ ಬೆಳಕಿರುವಾಗ ತಂಡ ಅವನನ್ನು ತಲುಪುತ್ತದೆ. ಬಿಲ್ಲಿಗೆ ಹೆದರಿದವನು ಹಾಗೆ ಮಾಡುವುದಿಲ್ಲ. ಕುಂಟುತ್ತ ಇಳಿದುಬಿಡೋಣ ಎಂದುಕೊಳ್ಳುತ್ತಾನೆ, ಅಡ್ಡದಾರಿ ಹಿಡಿಯುತ್ತಾನೆ, ರಾತ್ರಿ ಒಂಬತ್ತಕ್ಕೆ ಮಳೆಯಲ್ಲಿ ನೆನೆದು ನಡುಗುತ್ತ, ಫೋನಿನಲ್ಲಿ ಎರಡು ಪರ್ಸೆಂಟ್ ಚಾರ್ಜ್ ಉಳಿದಾಗ ಕರೆ ಮಾಡುತ್ತಾನೆ. ಆಗ ಅವನಿರುವ ಜಾಗ ಅವನಿಗೇ ಗೊತ್ತಿಲ್ಲ. ಹಗಲಿನಲ್ಲಿ ಎರಡು ಗಂಟೆಯೊಳಗೆ ಮುಗಿಯುತ್ತಿದ್ದ ಕೆಲಸ ಇಡೀ ರಾತ್ರಿಯ ಹುಡುಕಾಟವಾಗುತ್ತದೆ. ಕಲ್ಲುದಾರಿಯಲ್ಲಿ ಒಬ್ಬನನ್ನು ಸ್ಟ್ರೆಚರಿನಲ್ಲಿ ಹೊತ್ತಿಳಿಸಲು ಒಮ್ಮೆಗೆ ಆರೆಂಟು ಜನ ಬೇಕು, ತುಸು ದೂರಕ್ಕೊಮ್ಮೆ ಹೆಗಲು ಬದಲಾಗಬೇಕು, ಕಡಿದಾದಲ್ಲಿ ಮೇಲಿನಿಂದ ಹಗ್ಗ ಬಿಗಿಹಿಡಿದು ಇಳಿಸಬೇಕು. ಇದನ್ನೆಲ್ಲ ಕತ್ತಲೆಯಲ್ಲಿ, ಜಾರುವ ನೆಲದಲ್ಲಿ ಮಾಡಬೇಕು. ತಡವಾದ ಕರೆ ಬಿದ್ದವನನ್ನು ಮಾತ್ರ ಕೊಲ್ಲುವುದಿಲ್ಲ, ಎತ್ತಲು ಹೋದವರನ್ನೂ ಅಪಾಯಕ್ಕೆ ದೂಡುತ್ತದೆ. ಬ್ರಿಟನ್ನಿನ ಪರ್ವತ ರಕ್ಷಣಾ ತಂಡಗಳು ತಮ್ಮ ಸೇವೆಗೆ ಶುಲ್ಕ ಬೇಡವೆಂದು ಹಟ ಹಿಡಿದಿರುವುದು ಔದಾರ್ಯದ ಪ್ರದರ್ಶನಕ್ಕಲ್ಲ, ಇದೇ ಕಾರಣಕ್ಕೆ. ರೆಡ್ ಸ್ಕ್ರೀಸ್ ಆದ ಮೇಲೂ ಆ ನಿಲುವು ಬದಲಾಗಲಿಲ್ಲ. ಪೆಟ್ಟು ತಿಂದವರೇ ಹೀಗೆ ಹೇಳುವಾಗ ಅವರ ಪರವಾಗಿ ಬಿಲ್ ಹಿಡಿದು ನಿಲ್ಲಲು ನಮಗೇನು ಹಕ್ಕು?

ಸ್ವಿಟ್ಜರ್ಲೆಂಡಿನಲ್ಲಿ ಹಣ ಕೇಳುವುದಿಲ್ಲವೇ ಎನ್ನಬಹುದು. ಕೇಳುತ್ತಾರೆ. ಆದರೆ ಅಲ್ಲಿ ಜನ ವಿಮೆ ಮಾಡಿಸಿರುತ್ತಾರೆ, ಹೆಲಿಕಾಪ್ಟರ್ ರಕ್ಷಣೆ ನಡೆಸುವ ರೇಗಾ ಸಂಸ್ಥೆಗೆ ಪ್ರತಿವರ್ಷ ಸಣ್ಣ ವಂತಿಗೆ ಕೊಟ್ಟಿರುತ್ತಾರೆ. ಬಿದ್ದಾಗ ದುಡ್ಡಿನ ಯೋಚನೆ ಬಾರದಂತೆ ಅವರು ಮೊದಲೇ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಇನ್ನೊಂದು ದಾರಿ ಹಿಡಿಯಿತು. ನಿರ್ಲಕ್ಷ್ಯ ಮಾಡಿದವರು ಖರ್ಚು ಕೊಡಬೇಕೆಂಬ ಕಾನೂನಿನಡಿ 2009ರಲ್ಲಿ 17 ವರ್ಷದ ಹುಡುಗನೊಬ್ಬನಿಗೆ 25,000 ಡಾಲರ್ ಮೀರಿದ ಬಿಲ್ ಹೋಯಿತು. ಆ ಸುದ್ದಿ ಕೇಳಿದ ಮುಂದಿನ ಹುಡುಗ ಕಾಲು ಮುರಿದಾಗ ಏನು ಮಾಡಿಯಾನು, ಯೋಚಿಸಿ.

ನಮ್ಮ ಅರವಟ್ಟಿಗೆಗಳಲ್ಲಿ ನೀರು ಕೊಡುವವರು ದಾರಿಹೋಕನನ್ನು ‘ಮನೆಯಿಂದ ಯಾಕೆ ನೀರು ತರಲಿಲ್ಲ?’ ಎಂದು ಕೇಳಿದವರಲ್ಲ. ಬಾಯಾರಿದವನ ವಿಚಾರಣೆ ನೀರು ಕುಡಿಸುವ ಜಾಗದಲ್ಲಿ ನಡೆಯುವುದಿಲ್ಲ.

ಬೈಯುವ ಇದೇ ಬಾಯಿ ರಕ್ಷಕರನ್ನು ಹೊಗಳಿ ‘ಹೀರೋ’ ಮಾಡುತ್ತದೆ. ಬಿದ್ದವನು ಮೂರ್ಖ, ಎತ್ತಿದವನು ದೇವರು. ಈ ಹೊಗಳಿಕೆಯೂ ನನಗೆ ಒಪ್ಪಿಗೆಯಿಲ್ಲ. ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ವಿಲ್ಸನ್ ಹೇ ಅವರ ಕತೆ ನೋಡಿ. ಸ್ವತಃ ಬಂಡೆ ಹತ್ತುತ್ತಿದ್ದವರು. 1928ರಲ್ಲಿ ಲ್ಯಾಡೋ ಬಂಡೆಗಳಲ್ಲಿ ಬಿದ್ದು ಗಾಯಗೊಂಡ ಆರೋಹಿಯೊಬ್ಬನನ್ನು ನೋವಿಗೆ ಮದ್ದಿಲ್ಲದೆ, ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿದ ಸ್ಟ್ರೆಚರಿನಲ್ಲಿ ಕುಲುಕಾಡಿಸುತ್ತ ಹೊತ್ತು ತಂದರು. ಕೊನೆಗೆ ಅವನ ಕಾಲನ್ನೇ ಕತ್ತರಿಸಬೇಕಾಯಿತು. ಬಿದ್ದ ಪೆಟ್ಟಿಗಿಂತ ಹೊತ್ತು ತಂದ ರೀತಿಯೇ ಹೆಚ್ಚು ಕೇಡು ಮಾಡಿತೆಂದು ಹೇ ನಂಬಿದರು. ಬೆಟ್ಟಕ್ಕೆ ತಕ್ಕ ಸ್ಟ್ರೆಚರ್ ರೂಪಿಸಲು ಆರೋಹಿಗಳ ಸಮಿತಿಯೇ ಆಯಿತು. ಬೆಟ್ಟದ ಬುಡದಲ್ಲಿಟ್ಟ ರಕ್ಷಣಾ ಸಾಮಗ್ರಿಯ ಜೊತೆ ಮಾರ್ಫಿನ್ ಕೂಡ ಇರಬೇಕೆಂದು ಹೇ ಪಟ್ಟು ಹಿಡಿದರು. ಸರ್ಕಾರ ಒಪ್ಪದಿದ್ದಾಗ ತಾವೇ ಒದಗಿಸಿದರು. 1949ರಲ್ಲಿ ಅದಕ್ಕಾಗಿ ಅವರಿಗೆ 10 ಪೌಂಡ್ ದಂಡ ಬಿತ್ತು. ದಂಡ ಕಟ್ಟಿದರು, ಪಟ್ಟು ಬಿಡಲಿಲ್ಲ. ಆಮೇಲೆ ಸರ್ಕಾರವೇ ಒಪ್ಪಿತು. ಇದರಲ್ಲಿ ಸಾಹಸ ಎಲ್ಲಿದೆ? ಇರುವುದು ತನ್ನವರ ತಪ್ಪನ್ನು ಲೆಕ್ಕ ಹಾಕಿ ತಿದ್ದುವ ಹಟ. ಹೇಗೆ ಹೊರಬೇಕು, ಎಷ್ಟು ಮದ್ದು ಕೊಡಬೇಕು, ಹಗ್ಗವನ್ನು ಹೇಗೆ ಒಣಗಿಸಿಡಬೇಕು ಎಂಬ ಸಣ್ಣಸಣ್ಣ ತಿಳಿವಳಿಕೆ.

ಈ ತಿಳಿವಳಿಕೆ ಎಲ್ಲಿಂದ ಬರುತ್ತದೆ? ನಾವು ಬೈಯುವ ಆ ಶೋಕಿಯಿಂದಲೇ. ಹೇ ಶೋಕಿಗೆ ಬಂಡೆ ಹತ್ತಿದವರು. ಸಹ್ಯಾದ್ರಿಗೆ ಬಂದರೆ ಮಾತು ಇನ್ನೂ ಸ್ಪಷ್ಟ. ಮಹಾರಾಷ್ಟ್ರದಲ್ಲಿ ಲೋನಾವಳದ ಶಿವದುರ್ಗ ಮಿತ್ರ, ಖೋಪೋಲಿಯ ಯಶವಂತಿ ಹೈಕರ್ಸ್ ಮುಂತಾದ ಚಾರಣ ಬಳಗಗಳೇ ರಕ್ಷಣಾ ತಂಡಗಳಾದವು. 2016ರಿಂದ ಅವುಗಳನ್ನು ಬೆಸೆಯುವ ಸಮನ್ವಯ ಕೇಂದ್ರವೂ ಇದೆ. ವಾರದ ದಿನ ಅಂಗಡಿ, ಕಚೇರಿ, ಕಾರ್ಖಾನೆ. ಭಾನುವಾರ ಕೋಟೆ ಕೊತ್ತಲ. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತು. ಅಲ್ಲಿಗೆ ರಸ್ತೆಯೇ ಇಲ್ಲ, ಜೆಸಿಬಿ ಹತ್ತುವಂತಿಲ್ಲ. ಮಳೆಯಲ್ಲಿ ಏರುವಾಗಲೇ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ಆ ಏರು ಕಾಲಿಗೆ ರೂಢಿಯಿದ್ದ ಚಾರಣಿಗರು ಮೇಲೆ ಹೋಗಿ ದುಡಿದರು. ಮಣ್ಣಿನಡಿ ಸಿಕ್ಕ ಆದಿವಾಸಿಗಳು ಯಾವ ಶೋಕಿಗೂ ಹೋದವರಲ್ಲ, ತಮ್ಮ ಮನೆಯಲ್ಲಿ ಮಲಗಿದ್ದವರು. ಯಾರದೋ ಭಾನುವಾರದ ಹುಚ್ಚು ಅವರ ನೆರವಿಗೆ ಬಂತು. ಶೋಕಿ ಬೇಡವೆಂದು ಬೆಟ್ಟ ಮುಚ್ಚಿದ್ದರೆ ಆ ರಾತ್ರಿ ದಾರಿ ಗೊತ್ತಿದ್ದವರು ಯಾರಿರುತ್ತಿದ್ದರು?

ನಮ್ಮಲ್ಲಿ ಮುಚ್ಚುವುದೇ ಮೊದಲ ಉತ್ತರ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಕ್ಕೆ ತಡೆ ಬಿತ್ತು. ಕಾಡಿನ ದೃಷ್ಟಿಯಿಂದ ಅದು ಸರಿಯೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಜನರ ಸಂಖ್ಯೆ ಇಳಿಸಿದ್ದನ್ನೇ ರಕ್ಷಣೆ ಎಂದುಕೊಳ್ಳಬಾರದು. ನಂದಿಬೆಟ್ಟಕ್ಕೆ ಯಲಹಂಕದ ವಾಯುನೆಲೆ ಹತ್ತಿರದಲ್ಲಿತ್ತು, ಹೆಲಿಕಾಪ್ಟರ್ ಹಾರಿಬರಬಹುದಿತ್ತು. ಕುಮಾರ ಪರ್ವತದ ದಾರಿಯಲ್ಲಿ ಮಂಜು ಕವಿದ ಶೇಷಪರ್ವತದ ಅಂಚಿಗೆ ಯಾವ ಹೆಲಿಕಾಪ್ಟರೂ ಬಾರದು. ಅಲ್ಲಿಗೆ ಮನುಷ್ಯರೇ ಹತ್ತಬೇಕು. ಅಂಥವರು ನಮ್ಮಲ್ಲೂ ಇಲ್ಲದಿಲ್ಲ. 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ತುಂಬಿ ಹರಿಯುತ್ತಿದ್ದ ಗಂಗಾವಳಿಯಲ್ಲಿ ಮುಳುಗಿ ಹುಡುಕಿದವರಲ್ಲಿ ಉಡುಪಿಯ ಈಶ್ವರ ಮಲ್ಪೆ ಮತ್ತು ಅವರ ಬಳಗ ಇತ್ತು. ಕಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕಲು ಮೊದಲು ಹೊರಡುವವರು ಊರಿನ ಹುಡುಗರೇ. ಇಂಥವರಿಗೆ ನಾವು ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆಸಿಕೊಂಡು ಕಳಿಸುತ್ತೇವೆ. ಅವರ ಕೈಕಾಲು ಮುರಿದರೆ ಮನೆಯವರ ಗತಿ ಏನೆಂದು ಕೇಳುವುದಿಲ್ಲ.

ಚಾರಣಿಗ ಖರ್ಚು ಕೊಡಲಿ ಎನ್ನುವವರಿಗೆ ನೆನಪಿಸಬೇಕು: ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿಯೇ ಅವನು ಇಂದು ಕುಮಾರ ಪರ್ವತ ಹತ್ತುವುದು. ಆ ಹಣದ ಒಂದು ಪಾಲಿನಲ್ಲಿ, ಹತ್ತುವ ದಾರಿಯ ನಡುವಿನ ಗಿರಿಗದ್ದೆಯಲ್ಲಿ ಮಡಚುವ ಸ್ಟ್ರೆಚರ್ ಒಂದು, ಇನ್ನೂರು ಮೀಟರ್ ಹಗ್ಗ, ನಾಲ್ಕು ವಾಕಿಟಾಕಿ ಇಡಬಹುದು. ಸುಬ್ರಹ್ಮಣ್ಯದ, ಸೋಮವಾರಪೇಟೆ ಕಡೆಯ ಇಪ್ಪತ್ತು ಯುವಕರಿಗೆ ಪ್ರತಿವರ್ಷ ಮಳೆಗಾಲದ ಮುಂಚೆ ತರಬೇತಿ ಕೊಟ್ಟು, ಅವರ ಹೆಸರಿನಲ್ಲಿ ವಿಮೆ ಮಾಡಿಸಬಹುದು.