ಚಮಚದ ಲೆಕ್ಕದಲ್ಲಿ ಸ್ಪಿರುಲಿನಾ

ಒಣಗಿಸಿದ ನೂರು ಗ್ರಾಂ ಸ್ಪಿರುಲಿನಾ ಪಾಚಿಯಲ್ಲಿ ಸುಮಾರು 57 ಗ್ರಾಂ ಪ್ರೋಟೀನ್ ಇರುತ್ತದೆ. ಅಷ್ಟೇ ತೂಕದ ಬೇಳೆಯಲ್ಲಿ ಇರುವುದು 20ರಿಂದ 25 ಗ್ರಾಂ. ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗೆ ಈ ಪಾಚಿಯನ್ನು ಕೊಡಬೇಕು ಎನ್ನುವವರು ಮೊದಲು ಮುಂದಿಡುವುದು ಇದೇ ಹೋಲಿಕೆಯನ್ನು. ಅಂಕಿಯಲ್ಲಿ ತಪ್ಪಿಲ್ಲ. ಆದರೆ ಯಾವ ಮಗುವೂ ದಿನಕ್ಕೆ ನೂರು ಗ್ರಾಂ ಪಾಚಿ ತಿನ್ನುವುದಿಲ್ಲ. ಪೂರಕ ಆಹಾರವಾಗಿ ಸಾಮಾನ್ಯವಾಗಿ ಕೊಡುವುದು ಒಂದರಿಂದ ಐದು ಗ್ರಾಂ. ಎರಡು ಗ್ರಾಂ ಕೊಟ್ಟರೆ ಮಗುವಿಗೆ ಸಿಗುವ ಪ್ರೋಟೀನ್ ಒಂದು ಗ್ರಾಂಗಿಂತ ತುಸು ಹೆಚ್ಚು; ಶಕ್ತಿ ಸುಮಾರು ಆರು ಕ್ಯಾಲೊರಿ. ಒಂದು ಕೋಳಿಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಮತ್ತು ಸುಮಾರು 70 ಕ್ಯಾಲೊರಿ ಇದೆ. ಆದ್ದರಿಂದ ಸ್ಪಿರುಲಿನಾದ ಗುಣವನ್ನು ಮಗುವಿನ ಚಮಚದಲ್ಲಿ ಅಳೆಯಬೇಕು. ಹಾಗೆ ಅಳೆದಾಗ ಅದು ಒಳ್ಳೆಯ ಪದಾರ್ಥವೇ, ಆದರೆ ಊಟವಲ್ಲ.

ಈ ಪಾಚಿಯನ್ನು ತಲೆಮಾರುಗಳಿಂದ ತಿನ್ನುತ್ತ ಬಂದವರಿಗೆ ಇದು ಹೊಸ ವಿಷಯವಲ್ಲ. ಆಫ್ರಿಕಾದ ಚಾಡ್ ದೇಶದ ಕನೆಂಬು ಹೆಂಗಸರು ಕೊಸೊರೊಮ್‌ನಂಥ ಕ್ಷಾರದ ಕೆರೆಗಳಿಂದ ಪಾಚಿಯನ್ನು ಸೋಸಿ ತೆಗೆದು, ಮರಳಿನ ಮೇಲೆ ಹರಡಿ, ಬಿಸಿಲಿಗೆ ಒಣಗಿಸಿ 'ದಿಹೆ' ಎಂಬ ಬಿಲ್ಲೆಗಳನ್ನು ಮಾಡುತ್ತಾರೆ. ಬೆಲ್ಜಿಯಂನ ಸಸ್ಯವಿಜ್ಞಾನಿ ಜಾನ್ ಲಿಯೊನಾರ್ 1960ರ ದಶಕದಲ್ಲಿ ಇದನ್ನು ಹೊರಜಗತ್ತಿನ ಗಮನಕ್ಕೆ ತಂದರು. ಕನೆಂಬು ಮನೆಗಳಲ್ಲಿ ದಿಹೆ ಸಾರಿಗೆ ಬೀಳುತ್ತದೆ. ಆ ಸಾರನ್ನು ತಿನ್ನುವುದು ಸಜ್ಜೆಯ ಮುದ್ದೆಯೊಂದಿಗೆ. ಹೊಟ್ಟೆ ತುಂಬಿಸುವ ಕೆಲಸ ಧಾನ್ಯದ್ದು, ಅದಕ್ಕೆ ಸತ್ವ ಕೂಡಿಸುವ ಕೆಲಸ ಪಾಚಿಯದು. ಪಾಚಿಯನ್ನು ಕಾರ್ಖಾನೆಗೆ ಒಯ್ದು ಪುಡಿ ಮತ್ತು ಮಾತ್ರೆ ಮಾಡಿದ ನಾವು ಈ ವಿವೇಕವನ್ನು ಮಾತ್ರ ಅಲ್ಲೇ ಬಿಟ್ಟು ಬಂದೆವು.

ನಮ್ಮಲ್ಲಿಯೂ ಇದರ ಅಧ್ಯಯನಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) 1970ರ ದಶಕದಲ್ಲೇ ಜರ್ಮನಿಯ ಸಹಕಾರದೊಂದಿಗೆ ಖಾದ್ಯ ಪಾಚಿಗಳ ಸಂಶೋಧನೆ ನಡೆಯಿತು. ಎಲ್.ವಿ. ವೆಂಕಟರಾಮನ್ ಮತ್ತು ಅವರ ಸಂಗಡಿಗರು ನಮ್ಮ ಬಿಸಿಲಿಗೂ ನೀರಿಗೂ ಹೊಂದುವ ಸಾಕಣೆಯ ವಿಧಾನಗಳನ್ನು ರೂಪಿಸಿದರು. ಕಡಲೆಕಾಯಿ, ಬೆಲ್ಲದ ಜೊತೆ ಪಾಚಿ ಸೇರಿಸಿದ ಸ್ಪಿರುಲಿನಾ ಚಿಕ್ಕಿಯೂ ಅದೇ ಸಂಸ್ಥೆಯದು. ಈ ಚಿಕ್ಕಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪಾಚಿಯ ಹಸಿ ವಾಸನೆ ಬೆಲ್ಲದಲ್ಲಿ ಅಡಗುತ್ತದೆ ಎಂಬುದು ಒಂದು ಅನುಕೂಲ. ಅದಕ್ಕಿಂತ ದೊಡ್ಡ ಗುಣವೆಂದರೆ, ಮಗುವಿಗೆ ಬೇಕಾದ ಕೊಬ್ಬು, ಕ್ಯಾಲೊರಿ ಮತ್ತು ಬಹುಪಾಲು ಪ್ರೋಟೀನನ್ನು ಕಡಲೆಕಾಯಿಯೇ ಕೊಡುತ್ತದೆ. ಪಾಚಿ ತನಗೆ ತಕ್ಕ ಜಾಗದಲ್ಲಿ ಕೂತಿದೆ.

ಆ ಜಾಗ ಯಾವುದು? ಪುರಾವೆ ಬಲವಾಗಿರುವುದು ಎ ಜೀವಸತ್ವದ ವಿಷಯದಲ್ಲಿ. ಸ್ಪಿರುಲಿನಾದಲ್ಲಿ ಬೀಟಾ ಕ್ಯಾರೊಟಿನ್ ಸಮೃದ್ಧವಾಗಿದೆ, ಒಂದೆರಡು ಗ್ರಾಂನಲ್ಲೂ ಲೆಕ್ಕಕ್ಕೆ ಬರುವಷ್ಟಿದೆ. ಅದು ಎಳೆಯ ಮಕ್ಕಳ ಮೈಗೆ ಹತ್ತುತ್ತದೆ ಎಂಬುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದರು. ಚೆನ್ನೈನ ಮುರುಗಪ್ಪ ಚೆಟ್ಟಿಯಾರ್ ಸಂಶೋಧನಾ ಕೇಂದ್ರದ ಸಿ.ವಿ. ಶೇಷಾದ್ರಿ ತಮಿಳುನಾಡಿನ ಹಳ್ಳಿಗಳ ಸುಮಾರು 5,000 ಮಕ್ಕಳಿಗೆ ದಿನಕ್ಕೆ ಒಂದು ಗ್ರಾಂ ಪಾಚಿ ಕೊಡಿಸಿದ ಕಾರ್ಯಕ್ರಮದ ವರದಿ 1993ರಲ್ಲಿ ಬಂತು. ಎ ಜೀವಸತ್ವದ ಕೊರತೆಯಿಂದ ಕಣ್ಣಿನ ಬಿಳಿಭಾಗದಲ್ಲಿ ಏಳುವ ಕಲೆಗಳು ಆ ಮಕ್ಕಳಲ್ಲಿ ಬಹಳ ಕಡಿಮೆಯಾಗಿದ್ದವು. ಇರುಳುಗಣ್ಣಿನ ಹಾದಿ ಹಿಡಿದ ಮಗುವಿಗೆ ಇದು ಸಣ್ಣ ಉಪಕಾರವಲ್ಲ.

ತೂಕದ ವಿಷಯಕ್ಕೆ ಬಂದರೆ ಚಿತ್ರ ಇಷ್ಟು ನಿಚ್ಚಳವಾಗಿಲ್ಲ. ಬುರ್ಕಿನಾ ಫಾಸೊದಲ್ಲಿ ನಡೆದ ಎರಡು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 182 ಮಕ್ಕಳಿದ್ದರು. ಪಾಚಿಯ ಗುಂಪುಗಳಿಗೆ ದಿನಕ್ಕೆ ಐದು ಗ್ರಾಂ, 90 ದಿನ. ಎಲ್ಲ ಗುಂಪಿನ ಮಕ್ಕಳೂ ಚೇತರಿಸಿಕೊಂಡರು, ಪಾಚಿ ತಿಂದವರು ವಿಶೇಷವಾಗಿ ಮುಂದೆ ಹೋಗಲಿಲ್ಲ. 2006ರ ಅಧ್ಯಯನದಲ್ಲಿ 550 ಮಕ್ಕಳು, ಎಂಟು ವಾರ. ಸಜ್ಜೆ, ಸೋಯಾ, ಕಡಲೆಕಾಯಿಗಳ 'ಮಿಸೋಲಾ' ಹಿಟ್ಟಿನ ಜೊತೆ ಸ್ಪಿರುಲಿನಾ ಪಡೆದ ಮಕ್ಕಳ ತೂಕ ಎಲ್ಲರಿಗಿಂತ ಬೇಗ ಏರಿತು. ಪಾಚಿಯ ಪರ ಮಾತಾಡುವವರು ಎರಡನೆಯದನ್ನು ಮಾತ್ರ ಉಲ್ಲೇಖಿಸುತ್ತಾರೆ. ಅದರಲ್ಲೂ ಪ್ರತಿ ಗುಂಪಿನ ಮಗುವಿಗೆ ದಿನಕ್ಕೆ ಏಳುನೂರಕ್ಕಿಂತ ಹೆಚ್ಚು ಕ್ಯಾಲೊರಿಯ ಆಹಾರ ಸಿಗುತ್ತಿತ್ತು, ಎರಡೂ ಇಲ್ಲದೆ ವಾಡಿಕೆಯ ಊಟವನ್ನಷ್ಟೇ ಪಡೆದ ಹೋಲಿಕೆಯ ಗುಂಪಿನಲ್ಲಿ ಇದ್ದವರು ಕೇವಲ 40 ಮಕ್ಕಳು ಎಂಬ ವಿವರಗಳನ್ನು ಬಿಟ್ಟುಬಿಡುತ್ತಾರೆ. ಎರಡೂ ಅಧ್ಯಯನಗಳಿಂದ ನಾನು ಕಲಿತದ್ದು ಒಂದೇ: ತಟ್ಟೆ ತುಂಬಿದ್ದಾಗ ಪಾಚಿ ನೆರವಾಗಬಹುದು, ಬರಿದಾದ ತಟ್ಟೆಗೆ ಪಾಚಿ ಉತ್ತರವಲ್ಲ. ತೀವ್ರವಾಗಿ ಸೊರಗಿದ ಮಗುವಿಗೆ ಜಗತ್ತಿನಾದ್ಯಂತ ಕೊಡುವ ಕಡಲೆಕಾಯಿ ಪೇಸ್ಟಿನ 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ ಇರುತ್ತದೆ. ಆ ಮಗುವನ್ನು ಉಳಿಸುವ ಲೆಕ್ಕ ಆ ಮಟ್ಟದ್ದು.

ಇನ್ನೆರಡು ಹೇಳಿಕೆಗಳನ್ನೂ ಒರೆಗೆ ಹಚ್ಚಬೇಕು. ಒಂದು, ಸಸ್ಯಾಹಾರಿಗಳಿಗೆ ಇದರಲ್ಲಿ ಬಿ12 ಸಿಗುತ್ತದೆ ಎಂಬುದು. ಸ್ಪಿರುಲಿನಾದಲ್ಲಿ ಇರುವುದರ ಬಹುಪಾಲು ಬಿ12ನ್ನು ಹೋಲುವ, ಆದರೆ ಮನುಷ್ಯರ ದೇಹಕ್ಕೆ ಉಪಯೋಗವಾಗದ ರೂಪ. ಹಾಲು, ಮೊಟ್ಟೆ ಸಿಗದ ಮಗುವಿನ ತಾಯಿಗೆ ಈ ಭರವಸೆ ಕೊಡುವುದು ಅಪಾಯ. ಎರಡು, ಕಬ್ಬಿಣ. ನೂರು ಗ್ರಾಂನಲ್ಲಿ ಸುಮಾರು 28 ಮಿಲಿಗ್ರಾಂ ಇದೆ. ಎರಡು ಗ್ರಾಂನಲ್ಲಿ ಅರ್ಧ ಮಿಲಿಗ್ರಾಂಗಿಂತ ತುಸು ಹೆಚ್ಚು. ರಕ್ತಹೀನತೆಗೆ ಸರ್ಕಾರ ಕೊಡುವ ಕಬ್ಬಿಣದ ಸಿರಪ್ಪನ್ನು ಇದು ಬದಲಿಸಲಾರದು.

ಶುದ್ಧತೆಯ ಪ್ರಶ್ನೆಯೂ ಇದೆ. ಸೋಡಾ ಬೆರೆಸಿದ ಕ್ಷಾರದ ತೊಟ್ಟಿಗಳಲ್ಲಿ ಬೆಳೆಸುವುದರಿಂದ ಬೇರೆ ಪಾಚಿಗಳಿಗೆ ಅಲ್ಲಿ ಸುಲಭವಾಗಿ ನೆಲೆಯಿಲ್ಲ, ನಿಜ. ಆದರೂ ತೊಟ್ಟಿಯ ನಿಗಾ ತಪ್ಪಿದರೆ ಯಕೃತ್ತಿಗೆ ವಿಷವಾಗುವ ಪಾಚಿಯ ಅಂಶ ಬೆರೆಯಬಹುದು. ನೀರಿನಲ್ಲಿ ಸೀಸ, ಆರ್ಸೆನಿಕ್ ಇದ್ದರೆ ಪಾಚಿ ಅದನ್ನೂ ಹೀರುತ್ತದೆ. ದೊಡ್ಡವರು ತಡೆದುಕೊಳ್ಳುವ ಪ್ರಮಾಣವನ್ನು ಹತ್ತು ಕಿಲೋ ತೂಕದ ಮಗು ತಡೆಯಲಾರದು. ಆದ್ದರಿಂದ ಪ್ರತಿ ತಂಡದ ಮಾಲಿಗೂ ಪ್ರಯೋಗಾಲಯದ ಪರೀಕ್ಷೆ ಬೇಕು. ಸ್ತ್ರೀಶಕ್ತಿ ಗುಂಪುಗಳು ಸ್ಪಿರುಲಿನಾ ಬೆಳೆಯಲಿ ಎಂಬುದು ಒಳ್ಳೆಯ ಆಲೋಚನೆ, ಆದರೆ ಪರೀಕ್ಷೆಯ ವೆಚ್ಚವನ್ನು ಆ ಹೆಂಗಸರ ತಲೆಗೆ ಕಟ್ಟಬಾರದು.

ಕರ್ನಾಟಕಕ್ಕೆ ಈ ಚರ್ಚೆ ಎಷ್ಟು ಹತ್ತಿರದ್ದು ಎಂಬುದನ್ನು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಶೇ 65ಕ್ಕಿಂತ ಹೆಚ್ಚು ರಕ್ತಹೀನರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಆರಂಭವಾದಾಗ ಆಯ್ಕೆಯಾದ 33 ಕಡೆಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಇಷ್ಟು ವರ್ಷಗಳ ಅಂಗನವಾಡಿಯ ಅನುಭವ ಹೇಳುವುದೇನು? ಪುಟ್ಟ ಮಗುವಿನ ಹೊಟ್ಟೆ ಚಿಕ್ಕದು, ಅದಕ್ಕೆ ದಿನಕ್ಕೆ ಹಲವು ಸಲ ತಿನ್ನಿಸುವ ಕೈ ಬೇಕು. ಕೂಲಿಗೆ ಹೋಗುವ ತಾಯಿಗೆ ಆ ಬಿಡುವಿಲ್ಲ. ಭೇದಿ ನಿಲ್ಲದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಈ ಯಾವುದನ್ನೂ ಹಸಿರು ಪುಡಿ ಸರಿಪಡಿಸದು.

ಹಾಗಾದರೆ ಬೇಡವೇ? ಬೇಕು, ಐದು ಷರತ್ತಿನ ಮೇಲೆ. ಮೊಟ್ಟೆ, ಹಾಲು, ಬೇಳೆಯ ಹಣದಿಂದ ಒಂದು ಪೈಸೆಯನ್ನೂ ಪಾಚಿಗೆ ತಿರುಗಿಸಬಾರದು. ಅಂಗನವಾಡಿಯ ಪ್ರೋಟೀನ್ ಲೆಕ್ಕದಲ್ಲಿ ಅದನ್ನು ಸೇರಿಸಬಾರದು. ಎ ಜೀವಸತ್ವದ ಕೊರತೆ ಹೆಚ್ಚಿರುವ ಊರುಗಳಲ್ಲಿ ಮೊದಲು ಕೊಡಬೇಕು. ಹಿತ್ತಲಲ್ಲೇ ಬೆಳೆಯುವ ನುಗ್ಗೆಸೊಪ್ಪಿಗಿಂತ ಅದು ಹೆಚ್ಚೇನು ಮಾಡಿತು ಎಂದು ಪರೀಕ್ಷಿಸಬೇಕು. ಫಲಿತಾಂಶ ಕೆಟ್ಟದಿದ್ದರೂ ಪ್ರಕಟಿಸಬೇಕು. ಮಕ್ಕಳಿಗೆ ಮೊಟ್ಟೆ ಕೊಡುವುದಕ್ಕೆ ವಿರೋಧ ಬಂದಾಗಲೆಲ್ಲ 'ಅದರ ಬದಲು ಇದು' ಎಂದು ಯಾವುದೋ ಪುಡಿಯನ್ನು ಮುಂದೆ ಮಾಡುವ ಅಭ್ಯಾಸ ನಮ್ಮಲ್ಲಿದೆ. ಸ್ಪಿರುಲಿನಾ ಆ ಜಾಗಕ್ಕೆ ಹೋದರೆ ನಷ್ಟ ಬಡವರ ಮಕ್ಕಳದ್ದು. ಮೊಟ್ಟೆಯ ಪಕ್ಕದಲ್ಲಿ ಕೂತರೆ ಲಾಭವೂ ಅವರದ್ದೇ.