ಗುಂಡಿ ಕಾಣದ ಲೆಕ್ಕ

ಗಣಿತ ಕಲಿಸುವವರಲ್ಲಿ ಒಂದು ಒಳ್ಳೆಯ ಅಭ್ಯಾಸ ಬೆಳೆಯುತ್ತಿದೆ. ಕಂಪ್ಯೂಟರಿನಲ್ಲಿ ಕ್ಯಾಲ್ಕುಲೇಟರನ್ನು ಅನುಕರಿಸುವ ತಂತ್ರಾಂಶವಾದ ಎಮ್ಯುಲೇಟರ್ ತೆರೆದು, ಲೆಕ್ಕ ನಡೆಯುವ ಬಗೆಯನ್ನು ಅನಿಮೇಟೆಡ್ ಸ್ಕ್ರೀನ್‌ಶಾಟ್ ಆಗಿ ಸೆರೆಹಿಡಿದು ವಿದ್ಯಾರ್ಥಿಗಳಿಗೆ ಕೊಡುವುದು. ಪುಣೆ ಕ್ಯಾಂಪಿನಂಥ ಕಡೆ ಇದರ ಬೆಲೆ ಬೇಗ ಗೊತ್ತಾಗುತ್ತದೆ. 1817ರಲ್ಲಿ ದಂಡಿನ ನೆಲೆಯಾಗಿ ಶುರುವಾದ ಈ ಭಾಗಕ್ಕೆ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದ್ದಾರೆ. ಮರಾಠಿ, ಉರ್ದು, ಗುಜರಾತಿ, ತಮಿಳು ಮನೆಮಾತಿನ ಮಕ್ಕಳ ಜೊತೆಗೆ ಕಲಬುರಗಿ, ವಿಜಯಪುರ, ಸೊಲ್ಲಾಪುರ ಸೀಮೆಯ ಕನ್ನಡದ ಮಕ್ಕಳೂ ಇಲ್ಲಿ ಒಟ್ಟಿಗೆ ಓದುತ್ತಾರೆ. ಮಾತೇ ಇಲ್ಲದ, ಅರ್ಧ ನಿಮಿಷದ ಒಂದು ಚಿತ್ರ ಇವರೆಲ್ಲರಿಗೂ ಒಂದೇ ಪಾಠ ಹೇಳಬಲ್ಲದು. ಹಾಗೆ ಹೇಳುತ್ತಿದೆಯೇ ಎಂಬುದನ್ನು ಪರೀಕ್ಷಿಸಿ ನೋಡಬೇಕು.

ಪರೀಕ್ಷೆಗೆ ಪುಣೆಯದೇ ನಂಟಿರುವ ಲೆಕ್ಕವೊಂದನ್ನು ತೆಗೆದುಕೊಳ್ಳೋಣ. ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ದ. ರಾ. ಕಾಪ್ರೇಕರ್ 1949ರಲ್ಲಿ ಕಂಡುಕೊಂಡ ಸಂಖ್ಯೆ 6174. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋದರೆ ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ನಿಲ್ಲುತ್ತದೆ. 3524ರಿಂದ ಹೊರಟರೆ 3087, 8352, ಆಮೇಲೆ 6174. ಇಷ್ಟನ್ನು ಯಾವ ಸಾಧನವಾದರೂ ಚೆನ್ನಾಗಿಯೇ ಸೆರೆಹಿಡಿಯುತ್ತದೆ.

ಕಷ್ಟವಿರುವುದು 2111ರಲ್ಲಿ. 2111ರಿಂದ 1112 ಕಳೆದರೆ 0999 ಬರುತ್ತದೆ. ಆದರೆ ಕ್ಯಾಲ್ಕುಲೇಟರ್ ಮುಂದಿನ ಸೊನ್ನೆಯನ್ನು ತೋರಿಸುವುದಿಲ್ಲ. ಪರದೆಯ ಮೇಲೆ ಇರುವುದು ಬರೀ 999. ಅದನ್ನೇ ನಂಬಿದ ಹುಡುಗಿ 999ರಿಂದ 999 ಕಳೆದು ಸೊನ್ನೆ ಪಡೆಯುತ್ತಾಳೆ, ಕಾಪ್ರೇಕರರ ಮಾತೇ ತಪ್ಪೆಂದುಕೊಳ್ಳುತ್ತಾಳೆ. ಸೊನ್ನೆಯನ್ನು ನೆನಪಿಟ್ಟು 9990ರಿಂದ 0999 ಕಳೆದವಳಿಗೆ 8991, ಅಲ್ಲಿಂದ 8082, 8532, ಕೊನೆಗೆ 6174 ಸಿಗುತ್ತದೆ. ಇಡೀ ಪಾಠ ಇರುವುದು ಆ 999 ಎಂಬ ಒಂದು ಚೌಕಟ್ಟಿನಲ್ಲಿ (ಫ್ರೇಮ್). ಚಿತ್ರ ಅಲ್ಲಿ ತಡೆದು ನಿಲ್ಲಬೇಕು, ಮುಂದೆ ಯಾವ ಗುಂಡಿ ಒತ್ತಿದ್ದು ಎಂಬುದು ಕಣ್ಣಿಗೆ ಬೀಳಬೇಕು. ಈ ಎರಡು ಅಳತೆಗಳಿಂದಲೇ ಸಾಧನಗಳನ್ನು ತೂಗಬೇಕೆಂಬುದು ನನ್ನ ವಾದ.

ಎಮ್ಯುಲೇಟರಿನೊಳಗೇ ಇರುವ ಸೌಲಭ್ಯ ಮೊದಲನೆಯದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-83 ಪ್ಲಸ್ ಬಳಗದ ಯಂತ್ರಗಳಿಗಿರುವ ವ್ಯಾಬಿಟ್‌ಎಮು, ಟಿಲ್‌ಎಮ್ ಎರಡೂ ಪರದೆಯನ್ನು ನೇರವಾಗಿ ಚಲಿಸುವ ಚಿತ್ರರೂಪವಾದ ಜಿಫ್ (GIF) ಆಗಿ ಉಳಿಸಿಕೊಡುತ್ತವೆ. ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇ ಯಂತ್ರಕ್ಕಿರುವ ಸಿಎಮು ಚಲಿಸುವ ಪಿಎನ್‌ಜಿ ಕೊಡುತ್ತದೆ. ಇವುಗಳ ಶುದ್ಧಿ ಮೆಚ್ಚುವಂಥದ್ದು. ಟಿಐ-83 ಪ್ಲಸ್‌ನ ಪರದೆ 96 ಅಡ್ಡ, 64 ಉದ್ದ, ಒಟ್ಟು 6144 ಚುಕ್ಕೆ. ಒಂದು ಚಿತ್ರಕ್ಕೆ ಯಂತ್ರ ಬಳಸುವ ನೆನಪು 768 ಬೈಟ್ ಮಾತ್ರ. ಎಮ್ಯುಲೇಟರ್ ಈ ಚುಕ್ಕೆಗಳನ್ನು ಇದ್ದಂತೆಯೇ ಎತ್ತಿಕೊಡುವುದರಿಂದ ಅಂಚು ಚೂಪಾಗಿರುತ್ತದೆ, ಫೈಲು ಚಿಕ್ಕದಾಗಿರುತ್ತದೆ. ಆದರೆ ಸಿಗುವುದು ಪರದೆ ಮಾತ್ರ. ಕೆಳಗಿನ ಗುಂಡಿಗಳು ಚಿತ್ರಕ್ಕೆ ಬರುವುದೇ ಇಲ್ಲ. ಈಗಾಗಲೇ ಬಲ್ಲವರಿಗೆ ಇದು ಸಾಕು, ಕಲಿಯುವವರಿಗೆ ಸಾಲದು.

ಎರಡನೆಯ ಬಗೆ ಹೊರಗಿನ ಸಾಧನಗಳದು. ತಮ್ಮದೇ ಸೆರೆಹಿಡಿಯುವ ಸೌಲಭ್ಯವಿಲ್ಲದ ಎಮ್ಯುಲೇಟರುಗಳಿಗಾಗಿಯೇ ಕ್ಯಾಲ್ಕ್‌ಕ್ಯಾಪ್ಚರ್‌ನಂಥವು ಹುಟ್ಟಿಕೊಂಡವು. ಕಾಕೋಸ್ ಸಂಸ್ಥೆಯ ಲೈಸ್‌ಕ್ಯಾಪ್, ಮುಕ್ತ ತಂತ್ರಾಂಶವಾದ ಸ್ಕ್ರೀನ್‌ಟುಜಿಫ್ ಯಾವ ಕಿಟಕಿಯನ್ನು ಬೇಕಾದರೂ ಸೆರೆಹಿಡಿಯುತ್ತವೆ. ಇಲ್ಲಿ ಗುಂಡಿಗಳ ಮೇಲೆ ಮೌಸ್ ಓಡಾಡುವುದು ಕಾಣುತ್ತದೆ. ಸ್ಕ್ರೀನ್‌ಟುಜಿಫ್‌ನ ದೊಡ್ಡ ಗುಣವೆಂದರೆ ಅದರ ಸಂಪಾದಕ. ಚೌಕಟ್ಟುಗಳನ್ನು ಒಂದೊಂದಾಗಿ ನೋಡಬಹುದು, ಬೇಡದ್ದನ್ನು ಅಳಿಸಬಹುದು, ಬೇಕಾದ ಕಡೆ ಹೊತ್ತು ಹೆಚ್ಚಿಸಬಹುದು. 999 ಬಂದ ಚೌಕಟ್ಟನ್ನು ಮೂರು ಸೆಕೆಂಡ್ ನಿಲ್ಲಿಸುವುದು ಅಲ್ಲಿ ಸರಾಗ. ಒಂದು ಎಚ್ಚರಿಕೆಯಿದೆ. ಒತ್ತಿದ ಕೀಲಿಯ ಹೆಸರನ್ನು ಚಿತ್ರದ ಮೇಲೆ ಬರೆದು ತೋರಿಸುವ ಸೌಲಭ್ಯ ಅದರಲ್ಲಿದ್ದರೂ ಅದು ಹೇಳುವುದು ಕಂಪ್ಯೂಟರ್ ಕೀಲಿಮಣೆಯ ಹೆಸರನ್ನು, ಕ್ಯಾಲ್ಕುಲೇಟರಿನ ಗುಂಡಿಯದಲ್ಲ. ಕಲಿಸುವ ಚಿತ್ರ ಮಾಡುವಾಗ ಮೌಸಿನಿಂದಲೇ ಒತ್ತುವುದು ಲೇಸು.

ಹೊರಗಿನ ಸಾಧನಗಳ ದೋಷ ಗಾತ್ರ ಬದಲಿಸುವಾಗ ಎದ್ದು ಕಾಣುತ್ತದೆ. 96ರ ಪರದೆಯನ್ನು ಎರಡರಷ್ಟೋ ಮೂರರಷ್ಟೋ ಹಿಗ್ಗಿಸಿದರೆ ಪ್ರತಿ ಚುಕ್ಕೆಯೂ ಸಮ ಚೌಕವಾಗಿ ಉಳಿಯುತ್ತದೆ. ಎರಡೂವರೆಯಷ್ಟು ಹಿಗ್ಗಿಸಿದರೆ ಕೆಲವು ಚುಕ್ಕೆ ದಪ್ಪ, ಕೆಲವು ತೆಳು. 8 ಮತ್ತು 6ರ ನಡುವಿನ ವ್ಯತ್ಯಾಸವೇ ಮಸುಕಾಗುತ್ತದೆ.

ಕಾಲದ ವಿಷಯದಲ್ಲಿ ಜಿಫ್‌ಗೆ ತನ್ನದೇ ಮಿತಿಯಿದೆ. ಕಂಪ್ಯೂಸರ್ವ್ 1987ರಲ್ಲಿ ಹೊರತಂದ ಈ ರೂಪಕ್ಕೆ ಚೌಕಟ್ಟುಗಳ ನಡುವಿನ ತಡೆ 1989ರ ಆವೃತ್ತಿಯಲ್ಲಿ ಸೇರಿತು. ಅದರ ಅಳತೆ ಸೆಕೆಂಡಿನ ನೂರನೇ ಒಂದು ಭಾಗ. ತಡೆಯನ್ನು ಒಂದಕ್ಕೇ ಇಳಿಸಿ ಚಿತ್ರವನ್ನು ವೇಗಗೊಳಿಸಲು ಹೋದರೆ ಇಂದಿನ ಬ್ರೌಸರುಗಳು ಅದನ್ನು ಹತ್ತು ಎಂದೇ ಓದುತ್ತವೆ. ವೇಗ ಹೆಚ್ಚುವ ಬದಲು ಹತ್ತುಪಟ್ಟು ನಿಧಾನವಾಗುತ್ತದೆ. ಪಾಠದ ಚಿತ್ರಕ್ಕೆ ಅಷ್ಟು ವೇಗ ಬೇಕಾಗಿಯೂ ಇಲ್ಲ.

ಬೂದು ಬಣ್ಣದ ತೊಡಕು ಇದಕ್ಕಿಂತ ಗಂಭೀರ. ಟಿಐ-83 ಪ್ಲಸ್‌ನ ಪರದೆಗೆ ಗೊತ್ತಿರುವುದು ಕಪ್ಪು ಮತ್ತು ಖಾಲಿ, ಎರಡೇ. ಕೆಲವು ಪ್ರೋಗ್ರಾಮುಗಳು ಚುಕ್ಕೆಯನ್ನು ಬಲು ಬೇಗ ಹಚ್ಚಿ ಆರಿಸಿ ಬೂದು ಬಣ್ಣದ ಭ್ರಮೆ ಹುಟ್ಟಿಸುತ್ತವೆ. ನಿಜವಾದ ಎಲ್‌ಸಿಡಿ ನಿಧಾನವಾದ್ದರಿಂದ ಅಲ್ಲಿ ಕಣ್ಣಿಗೆ ಹಿತವಾಗಿಯೇ ಕಾಣುತ್ತದೆ. ಅಜಾಗರೂಕವಾಗಿ ಸೆರೆಹಿಡಿದರೆ ಅದೇ ದೃಶ್ಯ ಬಿರುಸಾಗಿ ಮಿಣುಕುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಏನೂ ಮಿಂಚಬಾರದು, ತಾನಾಗಿ ಐದು ಸೆಕೆಂಡಿಗಿಂತ ಹೆಚ್ಚು ಚಲಿಸುವುದನ್ನು ನಿಲ್ಲಿಸುವ ದಾರಿ ಇರಬೇಕು ಎಂದು ಅಂತರ್ಜಾಲದ ಸುಲಭಬಳಕೆಯ ಮಾರ್ಗಸೂಚಿ ಹೇಳುತ್ತದೆ. ಮಿಣುಕು ಕೆಲವರಲ್ಲಿ ಅಪಸ್ಮಾರ ಕೆರಳಿಸಬಲ್ಲದು. ಮಕ್ಕಳ ಕೈಗೆ ಕೊಡುವ ಚಿತ್ರದಲ್ಲಿ ಇದನ್ನು ಕಡೆಗಣಿಸುವುದು ಅಕ್ಷಮ್ಯ.

ಹಂಚುವ ದಾರಿಯೂ ಚಿತ್ರವನ್ನು ಕೆಡಿಸುತ್ತದೆ. ನಮ್ಮಲ್ಲಿ ಎಲ್ಲವೂ ಹೋಗುವುದು ವಾಟ್ಸ್‌ಆ್ಯಪ್ ಮೂಲಕ. ಅದು ಜಿಫ್ ಅನ್ನು ವಿಡಿಯೋ ಆಗಿ ಮಾರ್ಪಡಿಸಿ ಕಳಿಸುವುದರಿಂದ ಚೂಪಾದ ಅಂಕಿಗಳ ಅಂಚು ಕದಡುತ್ತದೆ. ಡಾಕ್ಯುಮೆಂಟ್ ಆಗಿ ಲಗತ್ತಿಸಿದರೆ ಮೂಲ ಉಳಿಯುತ್ತದೆ.

ನ್ಯಾಯದ ಪ್ರಶ್ನೆಯೊಂದನ್ನು ಬಿಡುವಂತಿಲ್ಲ. ಎಮ್ಯುಲೇಟರ್ ಓಡಲು ಯಂತ್ರದ ಮೂಲ ತಂತ್ರಾಂಶವಿರುವ ರಾಮ್ (ROM) ಬೇಕು. ಅದು ಕಂಪನಿಯ ಸ್ವತ್ತು. ಅದನ್ನು ತಮ್ಮದೇ ಕ್ಯಾಲ್ಕುಲೇಟರಿನಿಂದ ತೆಗೆದುಕೊಳ್ಳುವುದು ಸರಿಯಾದ ದಾರಿ. ಎಲ್ಲೋ ಸಿಕ್ಕಿದ್ದನ್ನು ಇಳಿಸಿಕೊಂಡು ಪಾಠ ಮಾಡುವುದನ್ನು ಶಿಕ್ಷಕರು ಒಪ್ಪಬಾರದು. ಯಂತ್ರವಿಲ್ಲದವರಿಗೆ ಫ್ರೀ42 ಇದೆ. 1988ರ ಎಚ್‌ಪಿ-42ಎಸ್ ಯಂತ್ರದ ನಡೆಯನ್ನು ಹೊಸದಾಗಿ ಬರೆದ ಈ ಮುಕ್ತ ತಂತ್ರಾಂಶಕ್ಕೆ ರಾಮ್ ಬೇಕಿಲ್ಲ, ಮೊಬೈಲಿನಲ್ಲೂ ನಡೆಯುತ್ತದೆ. ಕಾಪ್ರೇಕರರ ಲೆಕ್ಕಕ್ಕೆ ಅದು ಧಾರಾಳ ಸಾಕು.

ನಮ್ಮ ವಿದ್ಯಾರ್ಥಿಗಳಿಗೆ ಇದೆಲ್ಲ ಏಕೆ ಮುಖ್ಯ ಎಂದರೆ, ಅವರ ಭವಿಷ್ಯ ತೀರ್ಮಾನಿಸುವ ಕ್ಯಾಲ್ಕುಲೇಟರೇ ಈಗ ಪರದೆಯ ಮೇಲಿದೆ. ಉನ್ನತ ವ್ಯಾಸಂಗದ ಪ್ರವೇಶಕ್ಕಾಗಿ ನಡೆಯುವ ಗೇಟ್ ಪರೀಕ್ಷೆಗೆ ಕೈಯ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಪರದೆಯಲ್ಲಿ ಕೊಟ್ಟದ್ದನ್ನು ಮೌಸಿನಿಂದ ಒತ್ತಬೇಕು. ಕೋನ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡದೆ ಒತ್ತಿದರೆ ಅಂಕ ಹೋಯಿತು. ಇಂಥಲ್ಲಿ ಬರೀ ಉತ್ತರ ತೋರಿಸುವ ಚಿತ್ರದಿಂದ ಏನೂ ಪ್ರಯೋಜನವಿಲ್ಲ.

ಆದ್ದರಿಂದ ನನ್ನ ತೀರ್ಪು ಹೀಗೆ. ತಾವು ಬರೆದ ಪ್ರೋಗ್ರಾಮು ತೋರಿಸುವವರಿಗೆ ಎಮ್ಯುಲೇಟರಿನೊಳಗಿನ ಸೌಲಭ್ಯವೇ ಉತ್ತಮ. ಕಲಿಸುವವರಿಗೆ, ಒಂದಿಷ್ಟು ಶುದ್ಧಿ ಕಡಿಮೆಯಾದರೂ, ಗುಂಡಿ ಮತ್ತು ಪರದೆ ಎರಡನ್ನೂ ಹಿಡಿದು ಚೌಕಟ್ಟುಗಳ ಹೊತ್ತನ್ನು ತಿದ್ದಲು ಬಿಡುವ ಹೊರಗಿನ ಸಾಧನವೇ ಸರಿ. ಯಾವುದನ್ನು ಬಳಸಿದರೂ ಚಿತ್ರ ಕಳಿಸುವ ಮುನ್ನ ಆ ಲೆಕ್ಕ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಅದನ್ನು ನೋಡಿಕೊಂಡು 2111ರಿಂದ 6174ಕ್ಕೆ ತಾವೇ ತಲುಪುವಂತೆ ಕೇಳಿ. ಅವರು 999ರಲ್ಲಿ ಎಡವಿದರೆ, ಆ ಚೌಕಟ್ಟಿಗೆ ಇನ್ನಷ್ಟು ಹೊತ್ತು ಕೊಟ್ಟು ಮತ್ತೆ ತಯಾರಿಸಿ.